ಅಂಬಲಿಯ ಗಡಿಗೆ

ಅವಳ ಕಾದಂಬರಿಯಲ್ಲಿ ಯುದ್ಧ ಮುಗಿದಿತ್ತು, ಸೈನ್ಯದ ಬೆನ್ನಿಗೇ ಮಹಾಮಾರಿ ಬಂದಿತ್ತು. ರೋಗ ಹಬ್ಬಿದ ತವರಿನಿಂದ ಮರಳಿದ ತನ್ನ ಹೆಂಡತಿಗೆ ಕೋಟೆಯ ಕಾವಲುಗಾರ ಬಾಗಿಲು ತೆಗೆಯಲಿಲ್ಲ. ಗೋಡೆಯ ಮೇಲಿಂದ ಹಗ್ಗದಲ್ಲಿ ಅಂಬಲಿಯ ಗಡಿಗೆ ಇಳಿಸಿ, ಮಾತಿಲ್ಲದೆ ಹೊರಟುಹೋದ.

ಹಸ್ತಪ್ರತಿ ಓದುತ್ತಿದ್ದ ಗಂಡ ಆ ಪುಟದಲ್ಲೇ ನಿಂತುಬಿಟ್ಟ. ಬೆಳಗಿನಿಂದ ಅವಳು ಹೆದರಿಕೊಂಡು ಕಾದಿದ್ದು ಇದೇ ಪುಟಕ್ಕೆ. ಒಣಗಿದ ಬಟ್ಟೆಗಳನ್ನೇ ಮತ್ತೆ ಮತ್ತೆ ಮಡಚುತ್ತ ಅವನ ಮುಖ ನೋಡುತ್ತಿದ್ದಳು.

"ಇದು ಸರಿಯಿಲ್ಲ ಕಣೇ. ಒಂದು ಮಾತೂ ಆಡಲ್ವಾ? ಅವನೇನು ಕಲ್ಲಾ?"

"ಯಾಕೆ, ಗೋಡೆ ಮೇಲೆ ನಿಂತು ಹಾಡಬೇಕಿತ್ತಾ?"

"ತಮಾಷೆ ಬೇಡ. ಯಾಕೆ ಮಾತಾಡಲಿಲ್ಲ ಅಂತ ನೀನು ಬರೆದೇ ಇಲ್ಲ."

"ನನಗೆ ಗೊತ್ತಿದ್ರೆ ತಾನೆ ಬರೆಯೋಕೆ?" ಅವಳು ಕೈಲಿದ್ದ ಬಟ್ಟೆ ಕೆಳಗಿಟ್ಟಳು. "ಕೊರೊನಾ ವರ್ಷ ಅಪ್ಪನ ಮಣ್ಣು ಮುಗಿಸಿ ಬಂದಾಗ ನೀವೂ ಗೇಟಿಗೆ ಊಟದ ಕ್ಯಾರಿಯರ್ ನೇತುಹಾಕಿ, ತಿರುಗಿ ನೋಡದೆ ಒಳಗೆ ಹೋದ್ರಿ."

ಅವನು ಪೆನ್ಸಿಲನ್ನು ಅವಳ ಕಡೆಗೆ ಚಾಚಿದ.

"ಬರಕೋ. ಒಳಗೆ ತೊಟ್ಟಿಲಲ್ಲಿ ಮಗು ಇತ್ತು. ಒಂದು ಮಾತಾಡಿದ್ರೂ ಗೇಟು ತೆಗೆದುಬಿಡ್ತಿದ್ದೆ."