ಚಿಲಕದ ಮೇಲೆ ಕೈ

ಎರಡನೆಯ ಹಾಡು ಅರ್ಧಕ್ಕೆ ಬರುವ ಮೊದಲೇ ಗುರುಮಲ್ಲಪ್ಪ ಮೇಷ್ಟ್ರು ಕೈಚಾಚಿ ಸಿ.ಡಿ. ಪ್ಲೇಯರ್ ನಿಲ್ಲಿಸಿಬಿಟ್ಟರು. ನಂಜನಗೂಡಿನ ಅಂಗಡಿ ಬೀದಿಯಲ್ಲಿ, ಮಧುಕುಮಾರನ ಎಲೆಕ್ಟ್ರಿಕ್ ಅಂಗಡಿಯ ಮಹಡಿಯಲ್ಲಿ, ಭಾನುವಾರ ಮಧ್ಯಾಹ್ನ ಮೇಷ್ಟ್ರು, ಮಧುಕುಮಾರ, ಇಂದ್ರಾಣಿ ಮೂವರೂ ಗಿಟಾರ್ ಕೇಳಲು ಸೇರತೊಡಗಿ ವರ್ಷ ಕಳೆದಿತ್ತು. ಸರದಿ ಯಾರದೋ ಅವರು ತಮ್ಮ ಮೆಚ್ಚಿನ ಆಲ್ಬಮ್ ತರಬೇಕು, ಉಳಿದವರು ಬಾಗಿಲಿಗೆ ಚಿಲಕ ಹಾಕಿ ಕೊನೆಯ ತನಕ ಕೇಳಬೇಕು. ಇಂದಿನವರೆಗೆ ಯಾರ ಆಲ್ಬಮ್ಮೂ ನಡುವೆ ನಿಂತಿರಲಿಲ್ಲ.

"ಬೇಜಾರ್ ಮಾಡ್ಕೋಬೇಡಿ ಇಂದ್ರಾಣಮ್ಮ," ಎಂದರು ಮೇಷ್ಟ್ರು ಮೆತ್ತಗೆ. "ನಾಟಿ ಹಾಕೋ ಹೆಣ್ಣುಮಕ್ಕಳ ಹಾಡಿಗೆ ಗಿಟಾರ್ ಯಾಕೆ ಹೇಳಿ? ಅದರಲ್ಲೂ ಮಾತೇ ಇಲ್ಲ. ಇದು ಜನಪದ ಆಗಲ್ಲ. ತಮ್ಮನ ಮಗ ನುಡಿಸಿದ್ದು ಅಂತ ಪ್ರೀತಿಯಿಂದ ತಂದಿದ್ದೀರಿ, ಸಂತೋಷ. ಬೇರೆ ಏನಾದ್ರೂ ಕೇಳೋಣ."

ಮೇಷ್ಟ್ರು ಒಳ್ಳೆಯವರು. ನರ್ಸ್ ಕೆಲಸದಿಂದ ನಿವೃತ್ತರಾದ ಇಂದ್ರಾಣಿಗೆ ಸೊಂಟನೋವೆಂದು ತಿಳಿದಂದಿನಿಂದ, ಕೋಣೆಯಲ್ಲಿದ್ದ ಒಂದೇ ಕೈಕುರ್ಚಿಗೆ ದಿಂಬಿಟ್ಟು ಆಕೆಗೇ ಬಿಟ್ಟುಕೊಟ್ಟು, ತಾವು ಸ್ಟೂಲಿನ ಮೇಲೆ ಕೂರುತ್ತಿದ್ದರು. ಅಂಥವರಿಗೆ ಎದುರಾಡುವುದು ಸುಲಭವಲ್ಲ. ಆದರೆ ಫ್ಯಾಕ್ಟರಿ ಪಾಳಿ ಮುಗಿಸಿ ಬಂದು ತಮ್ಮನ ಮಗ ಜಗನ್ ಹೆಮ್ಮರಗಾಲದ ಮನೆಯಲ್ಲಿ ನುಡಿಸಿದ್ದು ಅವನಜ್ಜಿ ಚಲುವಮ್ಮನ ಹಾಡುಗಳನ್ನು. ಇಂದ್ರಾಣಿಯ ತಾಯಿ ಆಕೆ. ಕಂಡವರ ಗದ್ದೆಯಲ್ಲಿ ದಿನವಿಡೀ ಬಗ್ಗಿ ಹಾಡಿಕೊಂಡೇ ಮಗಳನ್ನು ಓದಿಸಿದವಳು. ನಂಜನಗೂಡಲ್ಲಿ ಗಿಟಾರಿಗೆ ಕಿವಿಗೊಡುವವರು ಈ ಇಬ್ಬರೇ. ಇಲ್ಲೇ ಆ ಹಾಡು ಬಾಯಿ ಮುಚ್ಚಿದರೆ ಇನ್ನೆಲ್ಲಿ ಬಿಚ್ಚೀತು?

"ಹೋದ ವಾರ ನೀವು ತಂದಿದ್ದು ಯಾರ ಹಾಡು ಮೇಷ್ಟ್ರೇ?"

"ಅದಾ? ಯಾವುದೋ ದೇಶದ ಕಲ್ಲಿದ್ದಲು ಗಣಿ ಕೂಲಿಗಳದ್ದು."

"ಮಾತಿತ್ತಾ?"

"ಬರೀ ಗಿಟಾರು. ಅದು ಬೇರೆ ಬಿಡಿ."

"ಏನು ಬೇರೆ? ಕನ್ನಡಕ ತೆಗೆದು ಕಣ್ಣೊರೆಸ್ಕೊಂಡ್ರಿ. ನಾನೂ ಒರೆಸ್ಕೊಂಡೆ. ಆ ಕೂಲಿಗಳಿಗೆ ಒಪ್ಪೋ ಗಿಟಾರು ನಮ್ಮವ್ವಂಗೆ ಮಾತ್ರ ಒಪ್ಪಲ್ವಾ?"

ಮಧುಕುಮಾರ ತಲೆ ಕೆರೆದುಕೊಂಡ. "ಓಗ್ಲಿ ಬುಡಿ ಮೇಷ್ಟ್ರೇ. ಸಿಸ್ಟರಮ್ಮ, ಮುಂದಿನ್ ವಾರ ನಂದು ಸರದಿ. ಅದ್ನೂ ನೀವೇ ಮಡಿಕಳಿ. ಆಗ ನಿದಾನ್ವಾಗಿ ಕೇಳವ."

ಅವನ ಒಳ್ಳೆಯ ಮನಸ್ಸು ಇಂದ್ರಾಣಿಗೆ ತಿಳಿಯಿತು. ಆದರೂ ತಲೆಯಾಡಿಸಿದರು. "ನಿನ್ನ ಸರದಿ ನಂಗೆ ಬೇಡ ಕಣಪ್ಪ. ನಂದೇ ಇನ್ನೂ ಮುಗಿದಿಲ್ಲ." ಸೊಂಟ ಹಿಡಿದುಕೊಂಡು ಎದ್ದು, ಮೊದಲ ಹಾಡಿನಿಂದಲೇ ಮತ್ತೆ ಹಾಕಿದರು.

ಮೊದಲು ಒಂದೇ ತಂತಿ ಮಿಡಿಯಿತು. ಅದರ ಬೆನ್ನಿಗೆ ಉಳಿದವು ಸಾಲಾಗಿ ಸೇರಿಕೊಂಡವು, ಕೆಸರಿನಲ್ಲಿ ಪೈರೂರುತ್ತ ಹೆಂಗಸರು ಒಂದೊಂದೇ ಹೆಜ್ಜೆ ಹಿಂದೆ ಸರಿಯುವ ಹಾಗೆ.

ಮೇಷ್ಟ್ರ ಮುಖ ಬಿಗಿಯಿತು. ಕೈಚೀಲ ಎತ್ತಿಕೊಂಡು ಬಾಗಿಲ ಬಳಿ ಹೋಗಿ, ಒಂದು ಚಪ್ಪಲಿ ಮೆಟ್ಟಿ, ಚಿಲಕದ ಮೇಲೆ ಕೈಯಿಟ್ಟರು. ಇಟ್ಟ ಕೈ ಅಲ್ಲೇ ನಿಂತಿತು. ಕೆಳಗೆ ಕಬ್ಬಿನ ಹಾಲಿನ ಯಂತ್ರದ ಗೆಜ್ಜೆ ಝಲ್ಲೆನ್ನುತ್ತಿತ್ತು. ಆ ಸದ್ದು ಒಳಗೆ ಬಂದರೆ ತಂತಿಯ ನಾದ ಕೆಡುತ್ತದೆ, ಆಲ್ಬಮ್ ಮುಗಿಯುವ ತನಕ ಯಾರೂ ಬಾಗಿಲು ತೆಗೆಯಕೂಡದು ಎಂದು ಕಟ್ಟಳೆ ಮಾಡಿದವರು ಅವರೇ. ಒಮ್ಮೆ ಗಿರಾಕಿ ಕೂಗಿದನೆಂದು ತೆಗೆದ ಮಧುಕುಮಾರನನ್ನು ಬೈದವರೂ ಅವರೇ.

ಇಂದ್ರಾಣಿ ಕೈಕುರ್ಚಿಯನ್ನು ದಿಂಬಿನ ಸಮೇತ ಸದ್ದಾಗದಂತೆ ಬಾಗಿಲ ಬಳಿಗೆ ತಳ್ಳಿದರು. ಬಂದು ಸ್ಟೂಲಿನ ಮೇಲೆ ನೆಟ್ಟಗೆ ಕುಳಿತರು.

"ಕೂತ್ಕೊಂಡು ಕೇಳಿ ಮೇಷ್ಟ್ರೇ," ಎಂದರು ತಗ್ಗಿದ ದನಿಯಲ್ಲಿ. "ಇನ್ನೂ ಏಳು ಹಾಡಿದೆ."