ತಿಪ್ಪಣ್ಣ ಎಂಬ ಹೆಸರು

ತೇಯ್ದ ಬಜೆಯ ವಾಸನೆ ಬಂದರೆ ಈಗಲೂ ಮನೋಳಿ ಊರಿನ ಆ ಮಧ್ಯಾಹ್ನ ನೆನಪಾಗುತ್ತದೆ.

ಚಿಗವ್ವನ ಮೊದಲ ಮಗ ರಾಜಶೇಖರ ತಿಂಗಳು ತುಂಬುವ ಮೊದಲೇ ತೀರಿಕೊಂಡಿದ್ದ. ಎರಡನೆಯವನಿಗೆ ಸಾವನ್ನೇ ಗೆದ್ದವನೆಂಬ ಅರ್ಥದ ಮೃತ್ಯುಂಜಯ ಎಂದಿಟ್ಟರು. ಅವನು ಒಂದು ವಾರ ಗೆದ್ದ. ಮೂರನೆಯವನನ್ನು ಅಜ್ಜಿ ತಿಪ್ಪೆಯ ಮೇಲೆ ಮಲಗಿಸಿ ಎತ್ತಿಕೊಂಡು, ತಿಪ್ಪಣ್ಣ ಎಂದು ಹೆಸರಿಟ್ಟಳು. ಕಸದ ಹೆಸರಿನವನನ್ನು ಸಾವು ಮೂಸುವುದಿಲ್ಲವೆಂಬುದು ನಮ್ಮ ಮನೆಯ ಶಾಸ್ತ್ರ.

"ಒಮ್ಮೆರ ಚಂದದ ಹೆಸರಿಲೆ ಕರೀತೇನಿ ಯವ್ವಾ," ಎಂದು ಚಿಗವ್ವ ಅಂಗಲಾಚಿದರೆ ಅಜ್ಜಿ, "ಬಾಯಿ ಮುಚ್ಚ ಹುಚ್ಚಿ, ಸಾವಿಗೂ ಕಿವಿ ಅದಾವ," ಎನ್ನುತ್ತಿದ್ದಳು.

ಆ ಮಧ್ಯಾಹ್ನ ಜ್ವರದ ಕೂಸು ತಣ್ಣಗಾದಾಗ, ಗುಣವಾಯಿತೆಂದು ನಾನೊಬ್ಬನೇ ಹಿಗ್ಗಿದೆ. ಬಜೆಯ ಬಟ್ಟಲು ಹಿಡಿದೇ ಕುಳಿತಿದ್ದ ಅಜ್ಜಿ, "ಇನ್ನ ಯಾರ ಅಂಜಿಕಿನೂ ಇಲ್ಲ. ಚಂದದ ಹೆಸರಿಟ್ಟು ಕರಿ, ಮಗಳ," ಎಂದಳು.

ಚಿಗವ್ವ ಕೂಸಿನ ಕಿವಿಯ ಹತ್ತಿರ ಬಗ್ಗಿ, ಬಹಳ ಹೊತ್ತು ಯೋಚಿಸಿ, "ತಿಪ್ಪಣ್ಣಾ," ಎಂದಳು.