ಕೊತಕೊತ ಕುದಿಸಿದ ನೀರು

ಸೊಸೆ ಸ್ಕೂಟರನ್ನು ಗೋಡೆಗೆ ಒರಗಿಸಿ ಒಳಗೆ ಓಡಿಬಂದಾಗ ಅತ್ತೆ ತೊಟ್ಟಿಲು ತೂಗುತ್ತಾ ತಾವೂ ತೂಕಡಿಸುತ್ತಿದ್ದರು. ಮಗುವಿನ ಪಕ್ಕದಲ್ಲಿ ಹಾಲಿನ ಬಾಟಲಿ ಬರಿದಾಗಿ ಬಿದ್ದಿತ್ತು.

“ಅತ್ತೆ, ಹಾಲಿನ ಪುಡಿಗೆ ಯಾವ ನೀರು ಹಾಕಿದ್ರಿ? ಫೋನ್ ಯಾಕೆ ಎತ್ತಲಿಲ್ಲ?”

“ನಲ್ಲಿ ನೀರೇ ಕಣಮ್ಮ, ಇನ್ಯಾವುದು? ಕೊತಕೊತ ಕುದಿಸಿದ್ದೀನಿ. ಮೂರು ಮಕ್ಕಳನ್ನ ಸಾಕಿದ ಕೈ ಇದು, ನನಗೇ ಪಾಠ ಹೇಳ್ತೀಯಾ?”

ಸೊಸೆ ಬರಿದಾದ ಬಾಟಲಿಯನ್ನು ಎತ್ತಿಕೊಂಡು ಮೂಸಿ ನೋಡಿದಳು. ಅವಳ ಕೆಲಸ ನೀರಿನ ಪರೀಕ್ಷಾಲಯದಲ್ಲಿ. ಊರಿಗೆ ನೀರು ಕೊಡುವ ಕೆರೆ ವಾರದಿಂದ ಹಸಿರು ಪೇಂಟ್ ಸುರಿದಂತಾಗಿತ್ತು. ನಿನ್ನೆಯವರೆಗೂ ಚೆನ್ನಾಗಿದ್ದ ನಲ್ಲಿ ನೀರಿನಲ್ಲಿ ಇವತ್ತು ಆ ಪಾಚಿಯೂ ಅದರ ವಿಷವೂ ಸಿಕ್ಕಿದ್ದವು. ಮೇಲಿನವರು ಊರಿಗೆ ಕೊಡಬೇಕಾದ ಎಚ್ಚರಿಕೆ ಪ್ರಕಟಣೆಯ ಒಕ್ಕಣೆ ತಿದ್ದುತ್ತಾ ಕೂತಿದ್ದರೆ ಇವಳು ಮನೆಗೆ ಹಾರಿಬಂದಿದ್ದಳು.

“ಕುದಿಸಿದ್ರೆ ಹೋಗೋ ವಿಷ ಅಲ್ಲ ಅತ್ತೆ ಅದು! ಬಿಸಿಗೆ ಪಾಚಿ ಒಡೆದು ಒಳಗಿರೋ ವಿಷವೆಲ್ಲ ನೀರಿಗೇ ಇಳಿಯುತ್ತೆ. ಏಳಿ, ಆಸ್ಪತ್ರೆಗೆ ಹೋಗೋಣ!” ಎಂದು ಮಗುವನ್ನು ಬಾಚಿ ಎತ್ತಿಕೊಂಡಳು. ನಿದ್ದೆ ಕೆಟ್ಟ ಮಗು ಸೂರು ಹಾರಿಹೋಗುವಂತೆ ಚೀರಿತು.

ಅತ್ತೆಯ ಮುಖ ಸಪ್ಪಗಾಯಿತು. “ತಡಿ ತಡಿ. ಬೈಯಲ್ಲ ಅಂದ್ರೆ ಒಂದು ಹೇಳ್ತೀನಿ” ಎಂದವರೇ ಅಡುಗೆಮನೆಗೆ ಹೋಗಿ, ಸಿಂಕಿನ ಕೆಳಗೆ ಗೋಣಿಚೀಲದ ಮರೆಯಲ್ಲಿದ್ದ ಪಾತ್ರೆಯೊಂದನ್ನು ಎಳೆದು ತಂದರು. ಅದು ಸುಟ್ಟು ಕರಕಲಾಗಿತ್ತು.

“ನೀರು ಒಲೆ ಮೇಲಿಟ್ಟು ಟಿ.ವಿ. ಮುಂದೆ ಕೂತೆ. ವಾಸನೆ ಬಂದು ನೋಡಿದ್ರೆ ಒಂದು ತೊಟ್ಟು ನೀರಿಲ್ಲ. ಮಗು ಬೇರೆ ಅಳ್ತಿತ್ತು. ಎದುರಂಗಡಿಯವನನ್ನ ಕೂಗಿ ಬಾಟಲಿ ನೀರು ತರಿಸಿದೆ. ಬೆಳಗ್ಗೆ ನೀನೇ ಎದೆಹಾಲು ಕೊಟ್ಟು ಹೋಗಿದ್ದೆ, ಆಮೇಲೆ ಕುಡಿದಿದ್ದು ಇದೊಂದೇ ಬಾಟಲಿ. ಅಂಗಡಿ ನೀರನ್ನ ಅಷ್ಟು ಜರಿಯೋಳು ನಾನು, ಯಾವ ಮುಖ ಇಟ್ಕೊಂಡು ಹೇಳಲಿ?”

ಸೊಸೆಗೆ ಹೋದ ಜೀವ ಬಂದಂತಾಯಿತು. ಪಾತ್ರೆಗೆ ಒಂದು ಗೀರು ಬಿದ್ದರೂ ಮನೆ ತಲೆಮೇಲೆ ಮಾಡುತ್ತಿದ್ದವಳು ನೆಲಕ್ಕೆ ಕುಸಿದು ಕೂತು ನಕ್ಕಳು, ಅತ್ತಳು, ಕೊನೆಗೆ ಅತ್ತೆಯನ್ನು ಮಸಿ ಸಮೇತ ತಬ್ಬಿಕೊಂಡಳು. “ಇನ್ನೂ ನಾಲ್ಕು ಪಾತ್ರೆ ಸುಡಿ ಅತ್ತೆ, ಪರವಾಗಿಲ್ಲ.”

ಅತ್ತೆ ತಟ್ಟನೆ ಕೊಸರಿಕೊಂಡರು. “ಅಯ್ಯೋ, ಬಿಡೇ! ನೀರು ವಾಸನೆ ಬರ್ತಿದೆ, ಚೆನ್ನಾಗಿ ಕುದಿಸಿ ಕುಡೀರಿ ಅಂತ ಬೆಳಗ್ಗೆ ಇಡೀ ಬೀದಿಗೆ ಹೇಳಿ ಬಂದಿದ್ದೀನಲ್ಲೇ!”

ಮೊಣಕಾಲು ನೋವೆಂದು ಎರಡು ಮೆಟ್ಟಿಲಿಗೂ ಗೊಣಗುತ್ತಿದ್ದ ಅತ್ತೆ ಬರಿಗಾಲಲ್ಲೇ ಬೀದಿಗಿಳಿದರು. ಸೊಸೆಗೆ ಕಾಣದಂತೆ ಬಚ್ಚಿಟ್ಟಿದ್ದ ಪಾತ್ರೆಯನ್ನು ತಲೆಯೆತ್ತರಕ್ಕೆ ಹಿಡಿದು, ಸೌಟಿನಿಂದ ಡಬಡಬ ಬಡಿಯುತ್ತಾ ಕೂಗಿದರು: “ನಲ್ಲಿ ನೀರು ಕುದಿಸಿದ್ರೂ ಕುಡೀಬೇಡಿ! ನೋಡಿ, ನಾನು ಪಾತ್ರೆ ಸುಟ್ಟಿದ್ದಕ್ಕೇ ನಮ್ಮ ಮಗು ಬದುಕಿಕೊಂಡಿತು!”